ಪಿಎಫ್‌ಎಂ ಕ್ಯಾಪ್‌ನ ಪಿಂಗಾಣಿ ಏಳದಂತೆ ಮಾಡುವುದು ಹೇಗೆ: ಮೇಣದಿಂದ ಗ್ಲೇಜ್‌ವರೆಗೆ

ಹಲ್ಲಿಗೆ ಕೂರಿಸಿ ಮೂರು ತಿಂಗಳಾಗಿರುವುದಿಲ್ಲ, ಕ್ಲಿನಿಕ್‌ನಿಂದ ಪಿಎಫ್‌ಎಂ ಕ್ಯಾಪ್ (ಲೋಹದ ಮೇಲೆ ಪಿಂಗಾಣಿ ಬೇಯಿಸಿದ ಹಲ್ಲಿನ ಕ್ಯಾಪ್) ವಾಪಸ್ ಬರುತ್ತದೆ. ಕೆನ್ನೆ ಕಡೆಯ ಪಿಂಗಾಣಿ ಚಕ್ಕೆಯೆದ್ದು ಒಳಗಿನ ಲೋಹ ಕಾಣುತ್ತಿದೆ. ಲ್ಯಾಬ್‌ನಲ್ಲಿ ಮೊದಲು ಬೈಗುಳ ತಿನ್ನುವುದು ಪಿಂಗಾಣಿ ಪುಡಿ. ಕಂಪನಿ ಬದಲಾಯಿಸುತ್ತಾರೆ, ಶೇಡ್ ಡಬ್ಬಿಗಳೆಲ್ಲ ಹೊಸದಾಗುತ್ತವೆ, ಕ್ಯಾಪ್ ಮಾತ್ರ ಮತ್ತೆ ಬರುತ್ತದೆ. ಕಾರಣ ಸರಳ: ಹೀಗೆ ಏಳುವ ಕ್ಯಾಪ್ ಕೆಟ್ಟಿರುವುದು ಸಾಮಾನ್ಯವಾಗಿ ಕುಂಚ ಕೈಗೆ ಬರುವ ಮೊದಲೇ. ಮೇಣ ಕತ್ತರಿಸುವಾಗ, ಲೋಹ ಉಜ್ಜುವಾಗ, ಪಿಂಗಾಣಿಗೆ ಹಿಡಿತ ಕೊಡುವ ಆಕ್ಸೈಡ್ ಪದರ ಬೇಯಿಸುವಾಗ. ಪಾಚಿ ಕೆರೆಯದೆ ಗೋಡೆಗೆ ಸುಣ್ಣ ಹೊಡೆದರೆ ಸುಣ್ಣವನ್ನು ಬೈದು ಏನು ಬಂತು?

ಇದು ಲ್ಯಾಬ್‌ನಲ್ಲಿ ಕೆಲಸ ಮಾಡುವವರಿಗೆ ಮತ್ತು ಡೆಂಟಲ್ ಮೆಕ್ಯಾನಿಕ್ಸ್ ಕಲಿಯುತ್ತಿರುವವರಿಗೆ. ಉದಾಹರಣೆಗೆ ಒಂದೇ ಕೇಸ್ ಹಿಡಿಯೋಣ: ಕೆಳದವಡೆಯ ಎಡಬದಿಯ ಮೊದಲ ದವಡೆಹಲ್ಲು, ಅಂದರೆ ಹಲ್ಲಿನ ನಂಬರ್ 36. ಲೋಹ ನಿಕಲ್-ಕ್ರೋಮಿಯಂ, ಪಿಂಗಾಣಿ 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೇಯುವ ಫೆಲ್ಡ್‌ಸ್ಪಾರ್ ಜಾತಿಯದು, ಶೇಡ್ (ಬಣ್ಣದ ನಂಬರ್) ಎ3. ಇಲ್ಲಿ ಕೊಟ್ಟಿರುವ ಉಷ್ಣತೆ ಮತ್ತು ಸಮಯಗಳು ರೂಢಿಯ ಅಂಕಿಗಳು. ನಿಮ್ಮ ಲೋಹದ, ಪುಡಿಯ ಚಾರ್ಟ್ ಬೇರೆ ಹೇಳಿದರೆ ಚಾರ್ಟ್ ಹೇಳಿದ್ದೇ ಕೊನೆ.

## ಶುರು ಮಾಡುವ ಮೊದಲು: ವಾಪಸ್ ಬಂದ ಕ್ಯಾಪನ್ನು ಓದಿ

ಒಡೆದ ಕ್ಯಾಪನ್ನು ಕಸದಬುಟ್ಟಿಗೆ ಹಾಕಬೇಡಿ. ಲೂಪ್ (ಭೂತಗನ್ನಡಿ) ಹಾಕಿಕೊಂಡು ಒಡೆದ ಜಾಗ ನೋಡಿ. ತಪ್ಪು ಯಾವ ಹಂತದಲ್ಲಿ ಆಯಿತೆಂದು ಅದೇ ಹೇಳುತ್ತದೆ.

ಲೋಹ ಬೆಳ್ಳಗೆ, ಹೊಳೆಯುತ್ತಾ ಕಂಡರೆ: ಪಿಂಗಾಣಿಯ ಜೊತೆ ಆಕ್ಸೈಡೂ ಕಿತ್ತುಕೊಂಡು ಬಂದಿದೆ. ಚಕ್ಕೆಯ ಒಳಮೈ ಕಪ್ಪಗಿರುತ್ತದೆ. ಆಕ್ಸೈಡ್ ಪದರ ದಪ್ಪವಾಗಿತ್ತು, ಅಥವಾ ಅದು ಲೋಹಕ್ಕೆ ಗಟ್ಟಿಯಾಗಿ ಕಚ್ಚಿರಲಿಲ್ಲ.

ಲೋಹದ ಮೇಲೆ ಕಪ್ಪು-ಬೂದು ಪದರ ಉಳಿದು, ಒಪೇಕ್ (ಲೋಹದ ಬಣ್ಣ ಮುಚ್ಚುವ ಮೊದಲ ಪಿಂಗಾಣಿ ಪದರ) ಪೂರ್ತಿ ಎದ್ದಿದ್ದರೆ: ಒಪೇಕ್ ಲೋಹವನ್ನು ನೆನೆಸಿಯೇ ಇಲ್ಲ. ಮೊದಲ ಪದರ ದಪ್ಪ ಹಚ್ಚಿದ್ದೀರಿ, ಕಡಿಮೆ ಬೇಯಿಸಿದ್ದೀರಿ, ಇಲ್ಲವೇ ಬೆರಳಿನ ಜಿಡ್ಡು ತಾಗಿದೆ.

ಲೋಹದ ಮೇಲೆ ಒಪೇಕ್ ಅಂಟಿಕೊಂಡಿದ್ದು, ಪಿಂಗಾಣಿ ತನ್ನೊಳಗೇ ಸೀಳಿದ್ದರೆ: ಬಂಧ ಚೆನ್ನಾಗಿದೆ. ಪಿಂಗಾಣಿಗೆ ಕೆಳಗೆ ಆಸರೆ ಇರಲಿಲ್ಲ, ಅಥವಾ ಎದುರು ಹಲ್ಲು ಎತ್ತರಕ್ಕೆ ತಾಗುತ್ತಿತ್ತು, ಅಥವಾ ಕ್ಲಿನಿಕ್‌ನಲ್ಲಿ ಉಜ್ಜಿ ಪಾಲಿಶ್ ಮಾಡದೆ ಬಿಟ್ಟಿದ್ದಾರೆ.

ಮೂರಕ್ಕೂ ಔಷಧ ಬೇರೆ ಬೇರೆ. ಮೂರನೆಯ ರೋಗಕ್ಕೆ ಆಕ್ಸೈಡ್ ಪ್ರೋಗ್ರಾಂ ಬದಲಿಸುತ್ತಾ ಕೂತರೆ ವರ್ಷ ಕಳೆದರೂ ಗುಣವಾಗುವುದಿಲ್ಲ.

## ಬೇಕಾದ ಸಾಮಾನು

ಐವಾನ್ಸನ್ ಗೇಜ್ (ದಪ್ಪ ಅಳೆಯುವ ಸಾಧನ, 0.1 ಮಿ.ಮೀ. ಓದುವಂಥದ್ದು), ಸಿಲಿಕೋನ್ ಪುಟ್ಟಿ, ಡೈ ಸ್ಪೇಸರ್ (ಸಿಮೆಂಟ್‌ಗೆ ಜಾಗ ಬಿಡಲು ಡೈಗೆ, ಅಂದರೆ ಇಳಿಸಿದ ಹಲ್ಲಿನ ಪ್ರತಿರೂಪಕ್ಕೆ, ಹಚ್ಚುವ ಬಣ್ಣ), ವ್ಯಾಕ್ಯೂಮ್ ಮಿಕ್ಸರ್, ಕಾರ್ಬನ್ ಇಲ್ಲದ ಫಾಸ್ಫೇಟ್ ಇನ್ವೆಸ್ಟ್‌ಮೆಂಟ್ (ಮೇಣದ ಸುತ್ತ ಅಚ್ಚು ಕಟ್ಟುವ ಪುಡಿ), ಸೆರಾಮಿಕ್ ಕ್ರೂಸಿಬಲ್ (ಲೋಹ ಕರಗಿಸುವ ಮೂಸೆ), ಟಂಗ್‌ಸ್ಟನ್ ಕಾರ್ಬೈಡ್ ಬರ್‌ಗಳು (ಕೊರೆದು ಉಜ್ಜುವ ತುದಿಗಳು), ಬಿಳಿ ಅಥವಾ ಗುಲಾಬಿ ಅಲ್ಯೂಮಿನಾ ಸ್ಟೋನ್, ಸ್ಯಾಂಡ್‌ಬ್ಲಾಸ್ಟರ್, ಸ್ಟೀಮರ್, ಅಲ್ಟ್ರಾಸಾನಿಕ್ (ಕಂಪನದಿಂದ ತೊಳೆಯುವ ಯಂತ್ರ), ಹಿಡಿಯಲು ಆರ್ಟರಿ ಫೋರ್ಸೆಪ್ಸ್, ಗಾಜಿನ ಸ್ಲ್ಯಾಬ್, ಎರಡು ಕುಂಚ, ಡಿಸ್ಟಿಲ್ಡ್ ವಾಟರ್. ಫರ್ನೇಸ್‌ಗೂ ವ್ಯಾಕ್ಯೂಮ್ ಪಂಪ್‌ಗೂ ಸೇರಿ ತಡೆಯುವ ಯುಪಿಎಸ್. ಬೇಯುವ ಮಧ್ಯೆ ಕರೆಂಟ್ ಹೋಗಿ ಪಂಪ್ ನಿಂತರೆ ಒಳಗಿನ ಕ್ಯಾಪ್ ಹಾಲಿನಂತೆ ಮಸುಕಾಗಿ ಹೊರಬರುತ್ತದೆ. ಅದನ್ನು ಮತ್ತೆ ಬೇಯಿಸಿ ಸರಿಮಾಡಲು ಆಗದು.

ಡಿಸ್ಟಿಲ್ಡ್ ವಾಟರ್ ವಿಷಯದಲ್ಲಿ ಜಿಪುಣತನ ಬೇಡ. ಬೋರ್‌ವೆಲ್ ನೀರಿನ ಲವಣ ಪುಡಿಗೆ ಸೇರಿದರೆ ಬೆಂದ ಪಿಂಗಾಣಿಯಲ್ಲಿ ಬಣ್ಣ ಕೆಡುತ್ತದೆ, ಗುಳ್ಳೆ ಬರುತ್ತದೆ. ಅಲ್ಟ್ರಾಸಾನಿಕ್‌ಗೂ ಸ್ಟೀಮರ್‌ಗೂ ಅದೇ ನೀರು ಹಾಕಿ.

ಲೋಹ ಕೊಳ್ಳುವಾಗ ಲೇಬಲ್‌ನಲ್ಲಿ ಎರಡು ವಿಷಯ ನೋಡಿ. ಒಂದು, ಬೆರಿಲಿಯಂ. ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 22674 ಪ್ರಕಾರ ಅದು ಶೇ. 0.02ಕ್ಕಿಂತ ಹೆಚ್ಚಿರಬಾರದು. ಬೆರಿಲಿಯಂ ಇದ್ದರೆ ಕಾಸ್ಟಿಂಗ್ ಸಲೀಸು, ಆಕ್ಸೈಡ್ ತೆಳು, ಅದಕ್ಕೇ ಅಗ್ಗದ ಲೋಹಗಳಲ್ಲಿ ಹಾಕುತ್ತಿದ್ದರು. ಆದರೆ ಅದರ ಹೊಗೆ, ದೂಳು ಹೋಗುವುದು ಮಾಡುವವನ ಶ್ವಾಸಕೋಶಕ್ಕೆ. ಹೆಸರು, ಬ್ಯಾಚ್ ನಂಬರ್, ಮಿಶ್ರಣ ಯಾವುದೂ ಇಲ್ಲದ ಲೋಹ ಎಷ್ಟೇ ಅಗ್ಗವಾದರೂ ಬೇಡ. ಇನ್ನೊಂದು, ಉಷ್ಣ ವ್ಯಾಕೋಚನದ ಅಂಕಿ. ನಿಕಲ್-ಕ್ರೋಮಿಯಂನದು ಸಾಮಾನ್ಯವಾಗಿ 14ರ ಆಸುಪಾಸು (ಪ್ರತಿ ಡಿಗ್ರಿಗೆ ದಶಲಕ್ಷದಲ್ಲಿ 14 ಭಾಗ). ಪಿಂಗಾಣಿಯದು ಅದಕ್ಕಿಂತ 0.5ರಿಂದ 1ರಷ್ಟು ಕಡಿಮೆ ಇರಬೇಕು. ಆಗ ತಣಿಯುವಾಗ ಲೋಹ ಸ್ವಲ್ಪ ಹೆಚ್ಚು ಕುಗ್ಗಿ ಪಿಂಗಾಣಿಯನ್ನು ಹಿಡಿದಪ್ಪಿಕೊಳ್ಳುತ್ತದೆ. ಒತ್ತಿದರೆ ಪಿಂಗಾಣಿ ತಡೆಯುತ್ತದೆ, ಎಳೆದರೆ ಸೀಳುತ್ತದೆ.

ಜಿರ್ಕೋನಿಯಾಕ್ಕೆ ಮಾಡಿದ ಪಿಂಗಾಣಿಯ ವ್ಯಾಕೋಚನ 9–10ರಷ್ಟೇ. ಎರಡೂ ಕೆಲಸ ಮಾಡುವ ಲ್ಯಾಬ್‌ಗಳಲ್ಲಿ ಡಬ್ಬಿ ಅದಲುಬದಲಾಗುವುದು ಹೊಸತಲ್ಲ. ಒಂದೇ ಕಪಾಟಿನಲ್ಲಿ ಇಡಬೇಡಿ.

## ಹಂತ 1: ಜಾಗ ಇದೆಯೇ ಅಳೆಯಿರಿ

ಡೈ ಕೈಗೆ ಬಂದೊಡನೆ ಮೇಣ ಕಾಯಿಸಬೇಡಿ. ಮಾಡೆಲ್‌ಗಳನ್ನು ಕಚ್ಚಿಸಿ, ಎದುರು ಹಲ್ಲಿಗೂ ಡೈಗೂ ನಡುವೆ ಎಷ್ಟು ಜಾಗವಿದೆ ನೋಡಿ. ಲೆಕ್ಕ ಹೀಗಿದೆ: ಲೋಹ 0.3ರಿಂದ 0.5 ಮಿ.ಮೀ., ಒಪೇಕ್ 0.2ರಿಂದ 0.3, ಮೇಲಿನ ಪಿಂಗಾಣಿ ಕನಿಷ್ಠ 1 ಮಿ.ಮೀ. ಕೆನ್ನೆ ಕಡೆ ಒಟ್ಟು ಕನಿಷ್ಠ 1.5 ಮಿ.ಮೀ. ಬೇಕು, ಅಗಿಯುವ ಮೈಮೇಲೆ ಪಿಂಗಾಣಿ ಬರುವುದಾದರೆ 2 ಮಿ.ಮೀ. ಕೆಳದವಡೆ ಹಲ್ಲಿನಲ್ಲಿ ಭಾರ ಹೊರುವುದು ಕೆನ್ನೆ ಕಡೆಯ ಕಸ್ಪ್‌ಗಳು (ಹಲ್ಲಿನ ಮೊನೆಗಳು). ಜಾಗ ಕಡಿಮೆ ಬೀಳುವುದೂ ಅಲ್ಲೇ.

ಇಷ್ಟು ಜಾಗ ಇಲ್ಲದಿದ್ದರೆ ಕ್ಲಿನಿಕ್‌ಗೆ ಫೋನ್ ಮಾಡಿ. ಎರಡೇ ದಾರಿ: ಡಾಕ್ಟರ್ ಹಲ್ಲನ್ನು ಇನ್ನಷ್ಟು ಇಳಿಸಿ ಹೊಸ ಅಳತೆ ಕಳಿಸಬೇಕು, ಅಥವಾ ಅಗಿಯುವ ಮೈ ಲೋಹದ್ದೇ ಇರಲಿ ಎಂದು ಒಪ್ಪಬೇಕು. "ಹೇಗೋ ಅಡ್ಜಸ್ಟ್ ಮಾಡಿ" ಎಂಬ ಮಾತಿಗೆ ಒಪ್ಪಿ ಒಪೇಕ್ ಮೇಲೆ ಅರ್ಧ ಮಿ.ಮೀ. ಪಿಂಗಾಣಿ ಎಳೆದರೆ, ಬಣ್ಣ ಸುಣ್ಣದ ಗೋಡೆಯಂತೆ ಬರುತ್ತದೆ, ಒಡೆದಾಗ ಹೆಸರು ಲ್ಯಾಬ್‌ನದೇ ಕೆಡುತ್ತದೆ.

ಸ್ಪೇಸರ್ ಒಟ್ಟು 20ರಿಂದ 40 ಮೈಕ್ರಾನ್. ಮಾರ್ಜಿನ್‌ನಿಂದ (ಕ್ಯಾಪ್ ಮುಗಿಯುವ ಅಂಚು) 0.5ರಿಂದ 1 ಮಿ.ಮೀ. ಬಿಟ್ಟು ಹಚ್ಚಿ.

## ಹಂತ 2: ಪೂರ್ತಿ ಹಲ್ಲು ಕಟ್ಟಿ, ಆಮೇಲೆ ಕತ್ತರಿಸಿ

ಎಲ್ಲರೂ ಹಾರಿಸುವ ಹಂತ ಇದು. ಡೈಯನ್ನು ಮೇಣದಲ್ಲಿ ಅದ್ದಿ, ತೆಗೆದು, ಟೋಪಿಯಂಥ ಸಮದಪ್ಪದ ಕೋಪಿಂಗ್ (ಲೋಹದ ಒಳಚಿಪ್ಪಿನ ಆಕಾರ) ಮಾಡಿ ಸಾಗಹಾಕುತ್ತಾರೆ. ಹಲ್ಲು ಹೇಗೆ ತೇಯ್ದಿದೆಯೋ ಹಾಗೆ ಟೋಪಿ. ಒಂದು ಕಡೆ ಕ್ಷಯ ಹಿಡಿದು ಡೈ ತಗ್ಗಾಗಿದ್ದರೆ ಅಲ್ಲಿ ಮೇಲೆ 3 ಮಿ.ಮೀ. ಪಿಂಗಾಣಿ ಆಸರೆಯಿಲ್ಲದೆ ನಿಲ್ಲುತ್ತದೆ. ಆಸರೆಯಿಲ್ಲದ ಪಿಂಗಾಣಿ 2 ಮಿ.ಮೀ. ಮೀರಬಾರದು. ಮೀರಿದರೆ ಒಡೆಯುವುದು ಖಂಡಿತ ಎಂದುಕೊಂಡೇ ಕೆಲಸ ಮಾಡಿ.

ಸರಿಯಾದ ಕ್ರಮ:

1. 36ರ ಪೂರ್ತಿ ಆಕಾರವನ್ನು ಮೇಣದಲ್ಲಿ ಕಟ್ಟಿ. ಪಕ್ಕದ ಹಲ್ಲುಗಳಿಗೆ, ಎದುರು ಹಲ್ಲಿಗೆ ತಾಗಿಸಿ.
2. ಸಿಲಿಕೋನ್ ಪುಟ್ಟಿಯಿಂದ ಅಚ್ಚು ತೆಗೆದು ಮಧ್ಯದಲ್ಲಿ ಸೀಳಿ ಇಟ್ಟುಕೊಳ್ಳಿ.
3. ಪಿಂಗಾಣಿ ಬರುವ ಕಡೆ ಮೇಣವನ್ನು 1.2ರಿಂದ 1.5 ಮಿ.ಮೀ. ಸಮನಾಗಿ ಕೆರೆಯಿರಿ. ಅಚ್ಚನ್ನು ಇಟ್ಟು ಜಾಗ ನೋಡುತ್ತಾ ಹೋಗಿ. ಉಳಿದ ಕೋಪಿಂಗ್ ಚಿಕ್ಕ ಗಾತ್ರದ ಹಲ್ಲಿನಂತೆಯೇ ಕಾಣಬೇಕು, ಕಸ್ಪ್‌ಗಳ ಗುರುತೂ ಇರಬೇಕು.
4. ಮೇಣದ ದಪ್ಪ ಎಲ್ಲೂ 0.4 ಮಿ.ಮೀ.ಗಿಂತ ಕಡಿಮೆಯಾಗದಿರಲಿ. ಉಜ್ಜಿದ ಮೇಲೆ 0.3 ಉಳಿಯಬೇಕಲ್ಲ.
5. ನಾಲಿಗೆ ಕಡೆ ಲೋಹದ ಕಾಲರ್ ಬಿಡಿ. ಪಿಂಗಾಣಿ-ಲೋಹ ಸೇರುವ ಗೆರೆ 90 ಡಿಗ್ರಿಯ ಸ್ಪಷ್ಟ ಮೆಟ್ಟಿಲಾಗಿರಲಿ.
6. ಆ ಗೆರೆ ಎದುರು ಹಲ್ಲು ತಾಗುವ ಬಿಂದುವಿನಿಂದ ಕನಿಷ್ಠ 1.5 ಮಿ.ಮೀ. ದೂರ ಇರಲಿ. ಪೆನ್ಸಿಲ್‌ನಿಂದ ಗುರುತಿಸಿ ನೋಡಿ. ಹೊರೆ ನೇರ ಗೆರೆಯ ಮೇಲೆ ಬಿದ್ದರೆ ಲೋಹ ಕೂದಲೆಳೆಯಷ್ಟು ಬಾಗಿದರೂ ಸಾಕು, ಪಿಂಗಾಣಿಯ ಅಂಚು ಸಿಡಿಯುತ್ತದೆ.
7. ಪಿಂಗಾಣಿ ಕೂರುವ ಮೈಯಲ್ಲಿ ಚೂಪು ಮೂಲೆ, ಹಳ್ಳ, ಗೀರು ಇರಬಾರದು. ಬಿಸಿ ಉಪಕರಣದಿಂದ ನುಣುಪು ಮಾಡಿ. ಮೇಣದಲ್ಲಿ ಅರ್ಧ ನಿಮಿಷದ ಕೆಲಸ, ಲೋಹದಲ್ಲಿ ಹತ್ತು ನಿಮಿಷದ್ದು.

## ಹಂತ 3: ಇನ್ವೆಸ್ಟ್, ಬರ್ನೌಟ್, ಕಾಸ್ಟಿಂಗ್

ಮೇಣದ ಸುತ್ತ ಅಚ್ಚು ಕಟ್ಟಿ (ಇನ್ವೆಸ್ಟ್), ಮೇಣ ಸುಟ್ಟು ತೆಗೆದು (ಬರ್ನೌಟ್), ಆ ಜಾಗಕ್ಕೆ ಲೋಹ ಎರೆಯುವ (ಕಾಸ್ಟಿಂಗ್) ಹಂತ ಇದು. ಸ್ಪ್ರೂ (ಲೋಹ ಹರಿದುಬರುವ ದಾರಿಯಾಗುವ ಕಡ್ಡಿ) 2.5ರಿಂದ 3 ಮಿ.ಮೀ. ದಪ್ಪ, ಅತಿ ದಪ್ಪವಿರುವ ಜಾಗಕ್ಕೆ ಓರೆಯಾಗಿ ಅಂಟಿಸಿ. ಮೇಣದ ತುದಿಯಿಂದ ರಿಂಗ್ (ಅಚ್ಚು ಎರೆಯುವ ಬಳೆ) ಬಾಯಿಗೆ ಸುಮಾರು 6 ಮಿ.ಮೀ. ಇರಲಿ. ಲೋಹ ಎಷ್ಟು ಬೇಕೆಂದರೆ, ಸ್ಪ್ರೂ ಸಮೇತ ಮೇಣದ ತೂಕದ ಸುಮಾರು 8 ಪಟ್ಟು, ಜೊತೆಗೆ ಬಟನ್‌ಗೆ (ಸ್ಪ್ರೂ ಬುಡದಲ್ಲಿ ಉಳಿಯುವ ಲೋಹದ ಗಟ್ಟಿ) ಸ್ವಲ್ಪ.

ಇನ್ವೆಸ್ಟ್‌ಮೆಂಟ್ ಪುಡಿಯನ್ನು ತೂಗಿ, ದ್ರವವನ್ನು ಅಳೆದು ಹಾಕಿ. ಅಂದಾಜಿನ ಕೈಲೆಕ್ಕ ಇಲ್ಲಿ ನಡೆಯದು. ನಿಕಲ್-ಕ್ರೋಮಿಯಂ ತಣಿಯುವಾಗ ಶೇ. 2ಕ್ಕಿಂತ ಹೆಚ್ಚು ಕುಗ್ಗುತ್ತದೆ. ಆ ಕುಗ್ಗುವಿಕೆಯನ್ನು ತುಂಬಿಕೊಡಬೇಕಾದದ್ದು ಇನ್ವೆಸ್ಟ್‌ಮೆಂಟ್‌ನ ಹಿಗ್ಗುವಿಕೆ. ಕೋಪಿಂಗ್ ಬಿಗಿ ಬರುತ್ತಿದ್ದರೆ ಸ್ಪೆಷಲ್ ಲಿಕ್ವಿಡ್‌ನ (ಇನ್ವೆಸ್ಟ್‌ಮೆಂಟ್ ಪುಡಿಯ ಜೊತೆ ಬರುವ ದ್ರವ) ಪಾಲು ಹೆಚ್ಚಿಸಿ, ಸಡಿಲ ಬರುತ್ತಿದ್ದರೆ ಡಿಸ್ಟಿಲ್ಡ್ ವಾಟರ್ ಪಾಲು ಹೆಚ್ಚಿಸಿ. ಒಟ್ಟು ದ್ರವದ ಅಳತೆ ಮಾತ್ರ ಬದಲಿಸಬೇಡಿ. ವ್ಯಾಕ್ಯೂಮ್‌ನಲ್ಲಿ 60 ಸೆಕೆಂಡ್ ಕಲಸಿ. ಕರಾವಳಿಯ ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಪ್ಯಾಕೆಟ್ ತೇವ ಹೀರುತ್ತದೆ. ಒಡೆದ ಪ್ಯಾಕೆಟ್ ಅಂದೇ ಮುಗಿಯಲಿ.

ಗಟ್ಟಿಯಾಗಲು ಒಂದು ಗಂಟೆ ಬಿಡಿ. ಸಾಮಾನ್ಯ ಪುಡಿಯಾದರೆ ನಿಧಾನವಾಗಿ ಏರಿಸಿ, 250–300 ಡಿಗ್ರಿಯಲ್ಲಿ ಅರ್ಧ ಗಂಟೆ ನಿಲ್ಲಿಸಿ, 900–950ಕ್ಕೆ ಹೋಗಿ 45 ನಿಮಿಷ ಇಡಿ. ಈ ಹೊತ್ತಿನಲ್ಲಿ ಅಮೋನಿಯಾ ವಾಸನೆ ಬರುತ್ತದೆ, ಎಕ್ಸಾಸ್ಟ್ ಇಲ್ಲದ ಕೋಣೆಯಲ್ಲಿ ಮಾಡಬೇಡಿ. ಬೇಗ ತೆಗೆದರೆ ಮೇಣದ ಇಂಗಾಲ ಒಳಗುಳಿದು ಲೋಹಕ್ಕೆ ಸೇರುತ್ತದೆ, ಆಮೇಲೆ ಪಿಂಗಾಣಿಯಲ್ಲಿ ಗುಳ್ಳೆಯಾಗಿ ಎದ್ದು ಬರುತ್ತದೆ. ಗ್ರಾಫೈಟ್ ಕ್ರೂಸಿಬಲ್ ಬೇಡ ಎನ್ನುವುದೂ ಇದಕ್ಕೇ.

ಟಾರ್ಚ್‌ನಲ್ಲಿ ಕರಗಿಸುವವರು ಮಾಡುವ ತಪ್ಪು ಒಂದೇ: ಲೋಹ ಕನ್ನಡಿಯಂತೆ ನೀರಾಗಲಿ ಎಂದು ಕಾಯುವುದು. ಚಿನ್ನದ ಲೋಹ ಹಾಗೆ ಆಗುತ್ತದೆ. ನಿಕಲ್-ಕ್ರೋಮಿಯಂ ಆಕ್ಸೈಡ್ ತೊಗಲು ಹೊದ್ದುಕೊಂಡೇ ಕರಗುತ್ತದೆ. ತುಂಡುಗಳ ಅಂಚು ಮಾಯವಾಗಿ, ಜ್ವಾಲೆಯ ಒತ್ತಡಕ್ಕೆ ತೊಗಲಿನ ಕೆಳಗೆ ಒಂದಾಗಿ ಅಲುಗಾಡಿದ ಕೂಡಲೇ ಬಿಡಿ. ತೊಗಲು ಹರಿದು ಕಿಡಿ ಹಾರಿತೆಂದರೆ ತಡವಾಯಿತು, ಆ ಲೋಹದೊಳಗೆ ರಂಧ್ರ ಇದ್ದೇ ಇರುತ್ತದೆ. ಹಳೆಯ ಬಟನ್ ಮತ್ತೆ ಕರಗಿಸುವ ಆಸೆಯನ್ನು ಪಿಂಗಾಣಿ ಕೇಸ್‌ಗಳಲ್ಲಿ ಬಿಟ್ಟುಬಿಡಿ. ಪ್ರತಿ ಕರಗುವಿಕೆಯಲ್ಲೂ ಮಿಶ್ರಣ ಬದಲಾಗುತ್ತದೆ, ಅದರ ಜೊತೆ ಆಕ್ಸೈಡೂ.

ರಿಂಗ್ ತಾನಾಗಿ ತಣಿಯಲಿ, ನೀರಿಗೆ ಹಾಕಬೇಡಿ. ತಣಿದ ಮೇಲೆ ತುಸು ನೀರು ಚಿಮುಕಿಸಿ ಒಡೆಯಿರಿ. ಒಣದಾಗಿ ಕುಟ್ಟಿದರೆ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ. ಬಟ್ಟೆ ಮಾಸ್ಕ್ ಇದಕ್ಕೆ ಸಾಲದು, ಎನ್95 ಮತ್ತು ಸಕ್ಷನ್ ಎರಡೂ ಬೇಕು.

## ಹಂತ 4: ಲೋಹ ಉಜ್ಜುವುದು

ಇಲ್ಲಿ ಅವಸರ ಮಾಡಿದವರ ಕ್ಯಾಪೇ ವಾಪಸ್ ಬರುವುದು.

ಮೊದಲು ಡೈ ಮೇಲೆ ಕೂರಿಸಿ. ಒಳಗೆ ಗುಂಡಗಿನ ಮಣಿ ಕಂಡರೆ ಚಿಕ್ಕ ರೌಂಡ್ ಬರ್‌ನಿಂದ ತೆಗೆಯಿರಿ. ಒತ್ತಿ ಕೂರಿಸಿದರೆ ಡೈ ಸವೆಯುತ್ತದೆ, ಆಮೇಲೆ ಕೋಪಿಂಗ್ ಸವೆದ ಡೈಗೆ ಸರಿಹೋಗುತ್ತದೆಯೇ ಹೊರತು ಹಲ್ಲಿಗಲ್ಲ.

ಹೊರಮೈ ಉಜ್ಜುವ ಕ್ರಮ:

1. ಕಾರ್ಬೈಡ್ ಬರ್‌ನಿಂದ ಆಕಾರ ತನ್ನಿ. ಪ್ರತಿ ನಿಮಿಷಕ್ಕೊಮ್ಮೆ ಗೇಜ್ ಇಟ್ಟು ನೋಡಿ, 0.3 ಮಿ.ಮೀ.ಗೆ ನಿಲ್ಲಿಸಿ. ಅದಕ್ಕಿಂತ ತೆಳುವಾದರೆ ಬೇಯುವಾಗಲೇ ಬಾಗುತ್ತದೆ.
2. ಪಿಂಗಾಣಿ ಕೂರುವ ಮೈಯನ್ನು ಅಲ್ಯೂಮಿನಾ ಸ್ಟೋನ್‌ನಿಂದ ಒಂದೇ ದಿಕ್ಕಿಗೆ ಉಜ್ಜಿ. ಹಿಂದೆ ಮುಂದೆ ಉಜ್ಜಿದರೆ ಲೋಹ ರೊಟ್ಟಿಯ ಅಂಚಿನಂತೆ ಮಡಚಿಕೊಳ್ಳುತ್ತದೆ. ಮಡಿಕೆಯ ಕೆಳಗೆ ದೂಳು, ಗಾಳಿ ಸಿಕ್ಕಿಕೊಂಡು, 900 ಡಿಗ್ರಿಯಲ್ಲಿ ಒಪೇಕನ್ನು ಸೀಳಿ ಹೊರಬರುತ್ತವೆ. ಲೋಹದಿಂದ ಏಳುವ ಗುಳ್ಳೆಯ ಮೂಲ ಬಹಳ ಸಲ ಇದೇ.
3. ಹಸಿರು ಸಿಲಿಕಾನ್ ಕಾರ್ಬೈಡ್ ಸ್ಟೋನ್, ರಬ್ಬರ್ ವೀಲ್ ಎರಡನ್ನೂ ಈ ಮೈಗೆ ತಾಗಿಸಬೇಡಿ. ಉಳಿದ ಕಣಗಳು ಬೆಂಕಿಯಲ್ಲಿ ಅನಿಲ ಬಿಡುತ್ತವೆ.
4. ಪಿಂಗಾಣಿ ಕೆಲಸದ ಸ್ಟೋನ್‌ಗಳಿಗೆ ಬೇರೆ ಡಬ್ಬಿ ಇಡಿ. ನಿನ್ನೆ ಚಿನ್ನದ ಲೋಹ ಉಜ್ಜಿದ ಸ್ಟೋನ್ ಇವತ್ತು ಇದಕ್ಕೆ ಬೇಡ.
5. 110–125 ಮೈಕ್ರಾನ್ ಅಲ್ಯೂಮಿನಾದಿಂದ 3–4 ಬಾರ್ ಒತ್ತಡದಲ್ಲಿ, 45 ಡಿಗ್ರಿ ಓರೆಯಲ್ಲಿ ಸ್ಯಾಂಡ್‌ಬ್ಲಾಸ್ಟ್ ಮಾಡಿ. ನೇರಕ್ಕೆ ಹಿಡಿದರೆ ಕಣಗಳು ಲೋಹದೊಳಗೆ ನಾಟುತ್ತವೆ. ಮಾರ್ಜಿನ್‌ಗೆ ಬೆರಳು ಅಡ್ಡ ಇಡಿ. ಬೇರೆ ಕೆಲಸಕ್ಕೆ ಬಳಸಿದ ಮರಳು ಬೇಡ, ಹೊಸದೇ ಬೇಕು.
6. ಸ್ಟೀಮ್ ಹೊಡೆದು, ಡಿಸ್ಟಿಲ್ಡ್ ವಾಟರ್‌ನಲ್ಲಿ 10 ನಿಮಿಷ ಅಲ್ಟ್ರಾಸಾನಿಕ್.

ಇಲ್ಲಿಂದ ಮುಂದೆ ಬೆರಳು ತಾಗುವಂತಿಲ್ಲ. ಆರ್ಟರಿ ಫೋರ್ಸೆಪ್ಸ್‌ನಿಂದ ಒಳಗಡೆ ಹಿಡಿಯಿರಿ. ತಲೆಗೆ ಎಣ್ಣೆ ಹಚ್ಚಿಕೊಂಡ ಕೈ, ಮಧ್ಯಾಹ್ನ ಊಟ ಮಾಡಿದ ಕೈ ಎಲ್ಲದರ ಜಿಡ್ಡೂ ಒಪೇಕ್‌ಗೆ ಶತ್ರು.

ಮೆಟಲ್ ಟ್ರಯಲ್‌ಗೆ ಕ್ಲಿನಿಕ್‌ಗೆ ಹೋಗಿ ಬಂದ ಕೋಪಿಂಗ್ ಹೊಸ ಕೋಪಿಂಗ್‌ಗೆ ಸಮ. ರೋಗಿಯ ಎಂಜಲು, ರಕ್ತ, ಅಳತೆ ನೋಡಲು ಹಚ್ಚಿದ ಪೇಸ್ಟ್ ಎಲ್ಲವೂ ಅದರ ಮೇಲಿದೆ. ಸೋಂಕು ನಿವಾರಿಸಿ, ಮೇಲಿನ 5 ಮತ್ತು 6ನ್ನು ಮತ್ತೆ ಮಾಡಿ. "ಈಗಾಗಲೇ ಬ್ಲಾಸ್ಟ್ ಮಾಡಿದ್ದೆವಲ್ಲ" ಎಂದು ನೇರ ಒಪೇಕ್ ಹಚ್ಚುವುದು ಲ್ಯಾಬ್‌ಗಳಲ್ಲಿ ದಿನವೂ ನಡೆಯುವ ತಪ್ಪು.

## ಹಂತ 5: ಆಕ್ಸೈಡ್

ಪಿಂಗಾಣಿ ಲೋಹಕ್ಕೆ ನೇರವಾಗಿ ಅಂಟುವುದಿಲ್ಲ. ಲೋಹದ ಮೇಲಿನ ತೆಳು ಆಕ್ಸೈಡ್ ಒಪೇಕ್‌ನಲ್ಲಿ ಕರಗಿ ಎರಡನ್ನೂ ಕಟ್ಟುತ್ತದೆ. ಚಿನ್ನದ ಲೋಹದಲ್ಲಿ ಈ ಪದರ ಬರಿಸಲು ತವರ, ಇಂಡಿಯಂ ಸೇರಿಸಿ ಒದ್ದಾಡಬೇಕು. ನಿಕಲ್-ಕ್ರೋಮಿಯಂನ ಕಷ್ಟ ತಿರುಗಾಮುರುಗಾ: ಕೇಳದೆಯೇ ಬರುತ್ತದೆ, ಬೇಕಾದ್ದಕ್ಕಿಂತ ದಪ್ಪ ಬರುತ್ತದೆ. ಚಿನ್ನದ ಲೋಹದ ಪ್ರೋಗ್ರಾಂನಲ್ಲಿ ಗಾಳಿಯಲ್ಲಿ ಐದು ನಿಮಿಷ ಬೇಯಿಸಿದರೆ ಕರಿ ಹಿಡಿದ ಪಾತ್ರೆಯ ಹಾಗಾಗುತ್ತದೆ, ಪಿಂಗಾಣಿ ಆ ಕರಿಯ ಸಮೇತ ಕಿತ್ತುಬರುತ್ತದೆ.

ನಿಮ್ಮ ಲೋಹದ ಕಾಗದದಲ್ಲಿ ಆಕ್ಸೈಡ್ ಬೇಡ ಎಂದಿದ್ದರೆ ಈ ಹಂತ ಬಿಡಿ. ಒಪೇಕ್ ಬೇಯುವಾಗಲೇ ಬೇಕಾದಷ್ಟು ಆಕ್ಸೈಡ್ ಹುಟ್ಟುತ್ತದೆ. ಮಾಡಬೇಕು ಎಂದಿದ್ದರೆ 950ರಿಂದ 980 ಡಿಗ್ರಿಗೆ ಒಂದು ಸಲ ಏರಿಸಿ, ಹೆಚ್ಚು ಹೊತ್ತು ನಿಲ್ಲಿಸದೆ ತೆಗೆದು ಬೆಳಕಿನಲ್ಲಿ ನೋಡಿ. ಆಕ್ಸೈಡ್ ಮಾಡದ ಲೋಹವಾದರೂ ಅನುಮಾನವಿದ್ದಾಗ ಒಂದು ಕೋಪಿಂಗನ್ನು ಹೀಗೆ ಪರೀಕ್ಷಿಸಬಹುದು.

- ಒಂದೇ ಸಮನೆಯ ಮಂಕು ಬೂದು: ಸರಿ.
- ಬಿಳಿ ಕಲೆ, ಮಚ್ಚೆ, ಬೆರಳ ಗುರುತು: ಕೊಳೆ. ಹಂತ 4ಕ್ಕೆ ಹಿಂತಿರುಗಿ.
- ಸೂಜಿಮೊನೆಯಂಥ ಕಪ್ಪು ಚುಕ್ಕೆ: ಕಾಸ್ಟಿಂಗ್ ರಂಧ್ರ. ರೌಂಡ್ ಬರ್‌ನಿಂದ ತೆರೆದು ನುಣುಪಾಗಿಸಿ. ಆಳಕ್ಕೆ ಹೋಗುತ್ತಲೇ ಇದ್ದರೆ ಕೋಪಿಂಗ್ ಎಸೆಯಿರಿ.
- ಕಡು ಕಪ್ಪು ಅಥವಾ ಹಸಿರು ಛಾಯೆಯ ದಪ್ಪ ಪದರ: ಬೇಯಿಸಿದ್ದು ಹೆಚ್ಚಾಯಿತು.

ನಿಕಲ್-ಕ್ರೋಮಿಯಂನಲ್ಲಿ ಆಕ್ಸೈಡ್ ಮಾಡಿದ ಮೇಲೆ ಮತ್ತೊಮ್ಮೆ ಸ್ಯಾಂಡ್‌ಬ್ಲಾಸ್ಟ್ ಮಾಡಿ ಆ ದಪ್ಪ ಪದರ ತೆಗೆದು, ಸ್ಟೀಮ್ ಹೊಡೆದೇ ಒಪೇಕ್‌ಗೆ ಹೋಗಬೇಕು. ಸಾಮಾನ್ಯವಾಗಿ ಮರೆಯುವ ಸಾಲು ಇದು.

## ಹಂತ 6: ಒಪೇಕ್, ಎರಡು ಸಲ

ಮೊದಲ ಪದರದ ಕೆಲಸ ಬಣ್ಣ ಮುಚ್ಚುವುದಲ್ಲ, ಲೋಹವನ್ನು ನೆನೆಸುವುದು. ತೆಳ್ಳಗೆ, ಲೋಹ ಇಣುಕುವಷ್ಟು ಮಾತ್ರ ಹಚ್ಚಿ. ಕುಂಚದಿಂದ ಒತ್ತಿ ಉಜ್ಜಿ, ಗೀರುಗಳೊಳಗೆ ಇಳಿಯಲಿ. ಇದನ್ನು ಎರಡನೆಯದಕ್ಕಿಂತ 10–20 ಡಿಗ್ರಿ ಹೆಚ್ಚು ಉಷ್ಣದಲ್ಲಿ ಬೇಯಿಸುತ್ತಾರೆ. ಅರೆಬರೆ ಬೂದಾಗಿ ಕಂಡರೆ ಗಾಬರಿ ಬೇಡ.

ಎರಡನೆಯದು ಮುಚ್ಚುವ ಪದರ. ಎರಡೂ ಸೇರಿ 0.2ರಿಂದ 0.3 ಮಿ.ಮೀ. ಪೇಸ್ಟ್ ಒಪೇಕ್ ಆದರೆ ಫರ್ನೇಸ್ ಬಾಯಲ್ಲಿ 6ರಿಂದ 10 ನಿಮಿಷ ನಿಧಾನವಾಗಿ ಒಣಗಿಸಿ. ಅವಸರದಲ್ಲಿ ಒಳಗೆ ತಳ್ಳಿದರೆ ಒಳಗಿನ ದ್ರವ ಕುದಿದು ಹಪ್ಪಳದಂತೆ ಉಬ್ಬುತ್ತದೆ.

ಬೆಂದ ಒಪೇಕ್‌ನ ಹೊಳಪು ಮೊಟ್ಟೆಯ ಸಿಪ್ಪೆಯದಾಗಿರಬೇಕು. ಸೀಮೆಸುಣ್ಣದಂತೆ ಪುಡಿಪುಡಿಯಾಗಿದ್ದರೆ ಬೆಂದಿಲ್ಲ, ಗಾಜಿನಂತಿದ್ದರೆ ಅತಿಯಾಗಿ ಬೆಂದಿದೆ. ಒಂದೆಡೆ ಬಿರುಕು ಕಂಡರೆ ಅದರ ಮೇಲೆ ಹಚ್ಚಿ ಮುಚ್ಚುವ ಬದಲು ಬಿರುಕನ್ನು ಸ್ಟೋನ್‌ನಿಂದ ತೆರೆದು, ತೊಳೆದು, ತುಂಬಿ. ಕ್ಯಾಪ್‌ನ ಒಳಮೈಗೂ ಮಾರ್ಜಿನ್‌ಗೂ ಹರಿದ ಒಪೇಕನ್ನು ಬೇಯಿಸುವ ಮೊದಲೇ ಒಣ ಕುಂಚದಿಂದ ಒರೆಸಿ. ಮರೆತರೆ ಕ್ಯಾಪ್ ಹಲ್ಲಿನ ಮೇಲೆ ಕೂರುವುದೇ ಇಲ್ಲ.

## ಹಂತ 7: ಪಿಂಗಾಣಿ ಕಟ್ಟುವುದು

ಕೈಚಳಕದ ಹಂತ, ಆದರೆ ಒಡೆಯುವ ವಿಷಯದಲ್ಲಿ ಹೇಳಬೇಕಾದ್ದು ಕಡಿಮೆ.

ಪುಡಿಯನ್ನು ಗಾಜಿನ ಸ್ಲ್ಯಾಬ್ ಮೇಲೆ ನಿಧಾನವಾಗಿ ಕಲಸಿ, ದೋಸೆ ಹಿಟ್ಟು ತಿರುವಿದಂತೆ ತಿರುವಿದರೆ ಗಾಳಿ ಸೇರುತ್ತದೆ. ಡೆಂಟಿನ್‌ನಿಂದ (ಹಲ್ಲಿನ ಮುಖ್ಯ ಬಣ್ಣದ ಪುಡಿ) ಪೂರ್ತಿ ಆಕಾರ ಕಟ್ಟಿ, ಸಿಲಿಕೋನ್ ಅಚ್ಚಿಗೆ ಹೋಲಿಸಿ, ಆಮೇಲೆ ಕಸ್ಪ್ ತುದಿಗಳಲ್ಲಿ ಕತ್ತರಿಸಿ ಎನಾಮೆಲ್ (ಮೇಲ್ಪದರದ ಅರೆಪಾರದರ್ಶಕ ಪುಡಿ) ತುಂಬಿ. ಬೇಯುವಾಗ ಪಿಂಗಾಣಿ ಎಲ್ಲ ದಿಕ್ಕಿಗೂ ಸೊರಗುತ್ತದೆ, ಆದ್ದರಿಂದ ಒಟ್ಟು ಗಾತ್ರ ಶೇ. 15–20ರಷ್ಟು ದೊಡ್ಡದಿರಲಿ.

ಪ್ರತಿ ಸೇರಿಕೆಯ ನಂತರ ಫೋರ್ಸೆಪ್ಸ್‌ನ ಗರಗಸದ ಭಾಗವನ್ನು ಮೆಲ್ಲಗೆ ಗೀರಿ ಕಂಪನ ಕೊಡಿ, ನೀರು ಮೇಲೆ ಬಂದಾಗ ಟಿಶ್ಯೂ ತಾಗಿಸಿ ಹೀರಿ. ಟಿಶ್ಯೂ ಯಾವಾಗಲೂ ಪುಡಿ ಹಚ್ಚಿದ ಎದುರು ಬದಿಗೆ, ಆಗ ನೀರು ಪುಡಿಯನ್ನು ಒಪೇಕ್ ಕಡೆಗೆ ಎಳೆದುಕೊಂಡು ಬರುತ್ತದೆ. ಮಧ್ಯದಲ್ಲಿ ಪೂರ್ತಿ ಒಣಗಲು ಬಿಡಬೇಡಿ. ಫ್ಯಾನ್ ಕೆಳಗೆ ಕೂತು ಕಟ್ಟುವವರ ಪಿಂಗಾಣಿಯಲ್ಲಿ ಪದರಗಳ ಮಧ್ಯೆ ಬಿರುಕು ಬೀಳುವುದಕ್ಕೆ ಫ್ಯಾನೇ ಕಾರಣ.

## ಹಂತ 8: ಬೇಯಿಸುವುದು

ಮೊದಲ ಡೆಂಟಿನ್ ಫೈರಿಂಗ್‌ಗೆ ಒಂದು ರೂಢಿಯ ಪ್ರೋಗ್ರಾಂ: 500 ಡಿಗ್ರಿಯ ಫರ್ನೇಸ್ ಬಾಯಲ್ಲಿ 6 ನಿಮಿಷ ಒಣಗಿಸಿ, ಮುಚ್ಚಿ, ವ್ಯಾಕ್ಯೂಮ್ ಹಾಕಿ, ನಿಮಿಷಕ್ಕೆ 50–55 ಡಿಗ್ರಿಯಂತೆ 920ರ ಆಸುಪಾಸಿಗೆ ಏರಿಸಿ. ಅಲ್ಲಿ ವ್ಯಾಕ್ಯೂಮ್ ಬಿಟ್ಟು 1 ನಿಮಿಷ ನಿಲ್ಲಿಸಿ. ಹೊರಗಿನ ಗಾಳಿಯ ಒತ್ತಡ ಉಳಿದ ಸಣ್ಣ ಗುಳ್ಳೆಗಳನ್ನು ಹಿಸುಕಿಬಿಡುತ್ತದೆ. ಎರಡನೆಯ ಫೈರಿಂಗ್ 5–10 ಡಿಗ್ರಿ ಕಡಿಮೆ.

ವ್ಯಾಕ್ಯೂಮ್ ಗೇಜ್ ಬಗ್ಗೆ ಒಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗಾಳಿಯ ಒತ್ತಡವೇ ಕಡಿಮೆ. ಹೊರಗಿನ ಗಾಳಿಗೆ ಹೋಲಿಸಿ ಓದುವ ಮುಳ್ಳಿನ ಗೇಜ್ ಮಂಗಳೂರಿನಲ್ಲಿ 28 ಇಂಚು (ಪಾದರಸದ ಅಳತೆ) ದಾಟಬಹುದು, ಬೆಂಗಳೂರಿನಲ್ಲಿ ಪಂಪ್ ಹೊಚ್ಚ ಹೊಸದಾದರೂ 27ರ ಒಳಗೇ ನಿಲ್ಲುತ್ತದೆ. ಅದನ್ನು ಸೋರಿಕೆ ಎಂದುಕೊಂಡು ಪಂಪ್ ಬಿಚ್ಚಬೇಡಿ. ನಿಮ್ಮ ಊರಿನಲ್ಲಿ ಹೊಸದಿದ್ದಾಗ ಎಷ್ಟು ತೋರಿಸಿತ್ತೋ ಅದನ್ನು ಬರೆದಿಟ್ಟು, ಅದರಿಂದ ಇಳಿದರೆ ಮಾತ್ರ ಚಿಂತಿಸಿ.

ಪರದೆ ತೋರಿಸುವ ಉಷ್ಣತೆಯನ್ನೂ ನಂಬಿ ಕೂರಬೇಡಿ. ಮಫಲ್ (ಫರ್ನೇಸ್‌ನ ಒಳಗಿನ ಬಿಸಿ ಕೋಣೆ) ಹಳತಾದಂತೆ 20–30 ಡಿಗ್ರಿ ವ್ಯತ್ಯಾಸ ಬರಬಹುದು. ಶುದ್ಧ ಬೆಳ್ಳಿ 962 ಡಿಗ್ರಿಗೆ ಕರಗುತ್ತದೆ. ಕ್ಯಾಲಿಬ್ರೇಷನ್ ಕಿಟ್‌ನ ಬೆಳ್ಳಿ ತಂತಿಯನ್ನು ಅದರ ಹೋಲ್ಡರ್‌ನಲ್ಲಿ ಇಟ್ಟು 960ಕ್ಕೂ 965ಕ್ಕೂ ಓಡಿಸಿ ನೋಡಿ. ಮೊದಲನೆಯದರಲ್ಲಿ ಕರಗಬಾರದು, ಎರಡನೆಯದರಲ್ಲಿ ಕರಗಬೇಕು. ಆಭರಣದ ಬೆಳ್ಳಿ ಬಳಸಬೇಡಿ: ಅದರಲ್ಲಿ ತಾಮ್ರ ಇರುತ್ತದೆ, ಬೇಗ ಕರಗಿ ಮಫಲ್ಲನ್ನೂ ಕೊಳೆ ಮಾಡುತ್ತದೆ.

ಹೊರಬಂದ ಕ್ಯಾಪ್ ಹೇಳುವುದು:

- ಹಾಲಿನಂತೆ ಮಸುಕು, ಮೈ ಒರಟು: ಬೆಂದಿಲ್ಲ, ಅಥವಾ ವ್ಯಾಕ್ಯೂಮ್ ಸೋರುತ್ತಿದೆ.
- ಅಂಚು ಕರಗಿ ಗುಂಡಗಾಗಿದೆ, ಅತಿ ಹೊಳಪು: ಹೆಚ್ಚು ಬೆಂದಿದೆ.
- ಲೋಹದಿಂದ ಮೇಲಕ್ಕೆ ಬಂದ ಗುಳ್ಳೆ: ಹಂತ 3 ಅಥವಾ 4ರ ತಪ್ಪು. ಎಷ್ಟು ತುಂಬಿ ಬೇಯಿಸಿದರೂ ಮತ್ತೆ ಏಳುತ್ತದೆ.
- ತಣಿದು ಕೆಲವು ಗಂಟೆಯ ನಂತರ ಟಿಕ್ ಎಂದು ಬಿರುಕು: ಲೋಹ-ಪಿಂಗಾಣಿ ಜೋಡಿಯೇ ಹೊಂದುತ್ತಿಲ್ಲ, ಅಥವಾ ತಣಿಸಿದ್ದು ಅವಸರ. ಫರ್ನೇಸ್‌ನಿಂದ ತೆಗೆದ ಕ್ಯಾಪನ್ನು ಲೋಹದ ಮೇಜಿನ ಮೇಲಿಡಬೇಡಿ, ಎಸಿ ಗಾಳಿಗೂ ಒಡ್ಡಬೇಡಿ.

ಫೈರಿಂಗ್‌ಗಳ ಲೆಕ್ಕ ಇಡಿ. ಎರಡು ಒಪೇಕ್, ಎರಡು ಡೆಂಟಿನ್, ಒಂದು ಗ್ಲೇಜ್ (ಕೊನೆಯ ಹೊಳಪು). ಐದಕ್ಕೆ ಮುಗಿಯಬೇಕು. ಸಣ್ಣ ಸಣ್ಣ ತಿದ್ದುಪಡಿಗೆಂದು ಏಳೆಂಟು ಸಲ ಬೇಯಿಸಿದರೆ ಪ್ರತಿ ಸಲವೂ ಆಕ್ಸೈಡ್ ದಪ್ಪವಾಗುತ್ತದೆ, ಪಿಂಗಾಣಿಯೊಳಗಿನ ಹರಳು ಬದಲಾಗಿ ಅದರ ವ್ಯಾಕೋಚನವೂ ಬದಲಾಗುತ್ತದೆ. ಶೇಡ್ ತಿದ್ದುವ ಆಸೆಯಲ್ಲಿ ಬಂಧ ಕಳೆದುಕೊಳ್ಳುತ್ತೀರಿ.

## ಹಂತ 9: ಬಿಸ್ಕ್ ಟ್ರಯಲ್, ಗ್ಲೇಜ್

ಗ್ಲೇಜ್‌ಗೆ ಮೊದಲು ಮಾಡೆಲ್ ಮೇಲೆ ಆರ್ಟಿಕ್ಯುಲೇಟಿಂಗ್ ಪೇಪರ್ (ತಾಗುವ ಜಾಗದಲ್ಲಿ ಗುರುತು ಬೀಳಿಸುವ ಕಾಗದ) ಇಟ್ಟು ಕಚ್ಚಿಸಿ. ಗುರುತು ಪಿಂಗಾಣಿ-ಲೋಹದ ಗೆರೆಯ ಮೇಲೆ ಬಿದ್ದರೆ ಈಗಲೇ ಸರಿಸಿ. ದವಡೆ ಪಕ್ಕಕ್ಕೆ ಜಾರಿದಾಗ ಕಸ್ಪ್‌ನ ಇಳಿಜಾರು ತಾಗುತ್ತಿದೆಯೇ ನೋಡಿ. ಒತ್ತುವ ಹೊರೆಯನ್ನು ತಡೆಯುವ ಪಿಂಗಾಣಿ ಪಕ್ಕಕ್ಕೆ ತಳ್ಳುವ ಹೊರೆಗೆ ಸೋಲುತ್ತದೆ. ಡೈಮಂಡ್‌ನಿಂದ ಉಜ್ಜುವಾಗ ನೀರು ಹಾಕಿ, ಒತ್ತಬೇಡಿ.

ಕ್ಲಿನಿಕ್‌ನಲ್ಲಿ ಬಿಸ್ಕ್ ಟ್ರಯಲ್ (ಗ್ಲೇಜ್‌ಗೆ ಮೊದಲು ಬಾಯಲ್ಲಿ ಕೂರಿಸಿ ನೋಡುವುದು) ಆಗಿ ಬಂದದ್ದನ್ನು ತೊಳೆದು, ಅಲ್ಟ್ರಾಸಾನಿಕ್‌ನಲ್ಲಿ ಹಾಕಿ, ಪೂರ್ತಿ ಒಣಗಿಸಿಯೇ ಗ್ಲೇಜ್‌ಗೆ ಇಡಿ. ಗ್ಲೇಜ್‌ಗೆ ವ್ಯಾಕ್ಯೂಮ್ ಹಾಕಬೇಡಿ, ಒಳಗಿನ ಗುಳ್ಳೆ ಹಿಗ್ಗಿ ಮೈ ಉಬ್ಬುತ್ತದೆ. ಕೊನೆಗೆ ಒಳಮೈಯನ್ನು 50 ಮೈಕ್ರಾನ್ ಮರಳಿನಿಂದ ಕಡಿಮೆ ಒತ್ತಡದಲ್ಲಿ ಬ್ಲಾಸ್ಟ್ ಮಾಡಿ, ಲೋಹದ ಕಾಲರ್‌ಗೆ ರಬ್ಬರ್ ವೀಲ್‌ನಿಂದ ಪಾಲಿಶ್ ಕೊಡಿ. ರಬ್ಬರ್ ವೀಲ್‌ಗೆ ಅನುಮತಿ ಸಿಗುವುದು ಈಗ ಮಾತ್ರ.

## ಹಂತ 10: ಕಳಿಸುವಾಗ ಚೀಟಿಯಲ್ಲಿ ಬರೆಯಬೇಕಾದ್ದು

ಲೋಹದ ಹೆಸರು, ಬ್ಯಾಚ್ ನಂಬರ್, ಪಿಂಗಾಣಿಯ ಹೆಸರು, ಶೇಡ್. ಲೋಹದಲ್ಲಿ ನಿಕಲ್ ಇದೆ ಎಂದು ಸ್ಪಷ್ಟವಾಗಿ ಬರೆಯಿರಿ. ಅಗ್ಗದ ಓಲೆ, ವಾಚ್‌ನ ಪಟ್ಟಿ ಹಾಕಿದರೆ ಚರ್ಮ ಕೆರೆಯುವ ರೋಗಿಗೆ ನಿಕಲ್ ಆಗದಿರಬಹುದು. ಅಂಥವರಿಗೆ ಕೋಬಾಲ್ಟ್-ಕ್ರೋಮಿಯಂ ಅಥವಾ ಚಿನ್ನದ ಲೋಹ ಎಂದು ಡಾಕ್ಟರ್ ಮೊದಲೇ ತೀರ್ಮಾನಿಸಬೇಕು. ಬಾಯಿಯಲ್ಲಿ ಎತ್ತರ ತಗ್ಗಿಸಿದರೆ ಆ ಜಾಗವನ್ನು ಪಿಂಗಾಣಿ ಪಾಲಿಶಿಂಗ್ ಕಿಟ್‌ನಿಂದ ಹೊಳಪಿಸಿ, ಇಲ್ಲವೇ ಅಂಟಿಸುವ ಮೊದಲು ಮತ್ತೆ ಗ್ಲೇಜ್‌ಗೆ ಕಳಿಸಿ ಎಂಬ ಒಂದು ಸಾಲೂ ಇರಲಿ.

ಇಷ್ಟಾದರೂ ಒಂದು ವಾಪಸ್ ಬಂದರೆ ಹಳೆಯ ಪಿಂಗಾಣಿ ತೆಗೆಯಲು ಹೈಡ್ರೋಫ್ಲೋರಿಕ್ ಆಮ್ಲಕ್ಕೆ ಕೈ ಹಾಕಬೇಡಿ. ಚರ್ಮಕ್ಕೆ ತಾಗಿದಾಗ ನೋವೇ ಗೊತ್ತಾಗದೆ ಒಳಗಿಳಿದು ಮೂಳೆಯವರೆಗೆ ಹೋಗುವ ಆಮ್ಲ ಅದು. ಸ್ಯಾಂಡ್‌ಬ್ಲಾಸ್ಟ್‌ನಿಂದ ತೆಗೆಯಿರಿ, ಕೋಪಿಂಗ್‌ನ ದಪ್ಪ ಅಳೆಯಿರಿ. 0.3 ಮಿ.ಮೀ. ಉಳಿದಿದ್ದರೆ ಹಂತ 4ರಿಂದ ಮತ್ತೆ ಶುರು. ಉಳಿದಿಲ್ಲದಿದ್ದರೆ ಮೇಣ ಕಾಯಿಸಿ.